ಮಗು ಯಾವಾಗ ಏನು ಮಾಡಬೇಕು ಅಂತ ಹೇಗೆ ಲೆಕ್ಕ ಇಡುತ್ತೀರಿ? ಆ್ಯಪ್, ತಾಯಿ ಕಾರ್ಡ್, ಅತ್ತೆ ಮಾತು – ಯಾವುದನ್ನು ನಂಬಲಿ?

ಚಿನ್ನು ಅಮ್ಮ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 17 ತಿಂಗಳು. ನಡೆಯುತ್ತಾನೆ, ಓಡುತ್ತಾನೆ, ಮಂಚ ಹತ್ತಿ ಇಳಿಯುತ್ತಾನೆ. ಆದರೆ ಮಾತು ಅಂದರೆ "ಅಮ್ಮ", "ಬಾ" ಎರಡೇ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ.

ಫೋನಿನಲ್ಲಿ ಒಂದು ಆ್ಯಪ್ ಇದೆ. ವಾರವಾರ "ನಿಮ್ಮ ಮಗು ಈಗ ಇದನ್ನು ಮಾಡಬೇಕು" ಅಂತ ಹೇಳುತ್ತದೆ. ಮಾಡಿಲ್ಲ ಅಂತ ಒತ್ತಿದರೆ ಕೆಂಪು ಗುರುತು ಬರುತ್ತದೆ. ಅದನ್ನು ನೋಡಿದ ದಿನ ನನಗೆ ಊಟ ಸೇರುವುದಿಲ್ಲ. ವಾರಗಿತ್ತಿಯ ಮಗಳು ಇವನಿಗಿಂತ ಚಿಕ್ಕವಳು, ಪಟಪಟ ಮಾತಾಡುತ್ತಾಳೆ. ಮನೆಗೆ ಬಂದವರೆಲ್ಲ ಇಬ್ಬರನ್ನೂ ಹೋಲಿಸುತ್ತಾರೆ. ಅತ್ತೆ ಮಾತ್ರ "ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಗಂಡು ಮಕ್ಕಳು ನಿಧಾನ, ಸುಮ್ನೆ ಇರು" ಅನ್ನುತ್ತಾರೆ. ನನ್ನ ಗಂಡನೂ ಅದನ್ನೇ ಹೇಳುತ್ತಾರೆ.

ನೀವೆಲ್ಲ ಹೇಗೆ ನೋಡಿಕೊಂಡಿರಿ? ಯಾವಾಗ ಕಾಯಬೇಕು, ಯಾವಾಗ ಡಾಕ್ಟರ ಹತ್ತಿರ ಓಡಬೇಕು?

ಮಲೆನಾಡ ಹುಡುಗಿ
ಮೊದಲು ಆ ಆ್ಯಪ್ ತೆಗೆದುಹಾಕಿ ಅಕ್ಕ. ನನ್ನ ಮಗಳ ಸಮಯದಲ್ಲೂ ಇದೇ ಕಥೆ. "ಈ ವಾರ ನಿಮ್ಮ ಮಗು ಆರು ಘನಗಳನ್ನು ಒಂದರ ಮೇಲೊಂದು ಇಡುತ್ತದೆ" ಅಂತ ಬರುತ್ತಿತ್ತು. ಆರು ಘನ ನಮ್ಮ ಮನೆಯಲ್ಲಿ ಇರಲೇ ಇಲ್ಲ!

ಸುರೇಶ ಮಾವ, ತುಮಕೂರು
ನಮ್ಮಣ್ಣನ ಮಗ ಎರಡೂವರೆ ವರ್ಷದವರೆಗೆ ಬಾಯಿ ಬಿಡಲಿಲ್ಲ. ಈಗ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಚಿಂತೆ ಬೇಡ ತಂಗಿ, ಬರುತ್ತದೆ.

ಕೋಲಾರದ ಕಾವ್ಯ
@ಸುರೇಶ ಮಾವ, ನಿಮ್ಮಣ್ಣನ ಮಗ ಸರಿಹೋದ, ಸಂತೋಷ. ಆದರೆ ಇಂಥ ಕಥೆ ಕೇಳಿಯೇ ನಮ್ಮ ಪಕ್ಕದ ಮನೆಯವರು ಕಾದರು. ಮಗುವಿಗೆ ಮೂರೂವರೆ ಆದಮೇಲೆ ಗೊತ್ತಾಯಿತು, ಎರಡೂ ಕಿವಿ ಕೇಳಿಸುವುದಿಲ್ಲ ಅಂತ. ಅಷ್ಟು ದಿನವೂ "ತಾತನ ಹಾಗೆ ಮೌನಿ" ಅಂತ ಮನೆಯವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಸರಿಹೋದ ಮಕ್ಕಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಸರಿಹೋಗದ ಮಕ್ಕಳ ಮನೆಯವರು ಇಂಥ ಚರ್ಚೆಗೆ ಬರುವುದೇ ಇಲ್ಲ.

ಮಕ್ಕಳ ಡಾಕ್ಟರ್, ಶಿವಮೊಗ್ಗ
ಕಾವ್ಯ ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಬೇಡ.

ಯಾವ ಬೆಳವಣಿಗೆಗೂ ಒಂದೇ ತಾರೀಖು ಇಲ್ಲ. ಒಂದು ಅವಧಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಇದರ ಲೆಕ್ಕ ಪ್ರಕಟಿಸಿತು. ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ – ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ಮಾಡಿದ್ದು. ನಮ್ಮ ಕಡೆಯಿಂದ ದೆಹಲಿಯ ಮಕ್ಕಳಿದ್ದರು. ಆಸರೆ ಇಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳವರೆಗೆ. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳವರೆಗೆ. ಅಂದರೆ ಒಂಬತ್ತು ತಿಂಗಳಿಗೆ ನಡೆದ ಮಗುವೂ ಸರಿ, ಹದಿನಾರಕ್ಕೆ ನಡೆದ ಮಗುವೂ ಸರಿ. ಮೊದಲು ನಡೆದ ಮಗು ಹೆಚ್ಚು ಬುದ್ಧಿವಂತ ಅನ್ನುವುದಕ್ಕೆ ಆಧಾರವಿಲ್ಲ.

ಆದರೆ ಆ ಅವಧಿಗೆ ಒಂದು ಕೊನೆಯೂ ಇದೆ. ಅದನ್ನು ಜನ ಮರೆಯುತ್ತಾರೆ. 18 ತಿಂಗಳಾದರೂ ನಡೆಯದಿದ್ದರೆ ತೋರಿಸಲೇಬೇಕು. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಕೂರದಿದ್ದರೆ, ವರ್ಷವಾದರೂ ಬಬ್ಬಬ್ಬ, ಮಮ್ಮಮ್ಮ ಅಂತ ಶಬ್ದ ಮಾಡದಿದ್ದರೆ, 16 ತಿಂಗಳಿಗೆ ಒಂದೂ ಪದ ಇಲ್ಲದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ" ಅನ್ನುವ ಹಾಗೆ ಎರಡು ಪದ ಜೋಡಿಸದಿದ್ದರೆ ತೋರಿಸಿ. ಇನ್ನೊಂದಕ್ಕೆ ವಯಸ್ಸಿನ ಹಂಗೇ ಇಲ್ಲ: ಮಗು ಮಾಡುತ್ತಿದ್ದುದನ್ನು ನಿಲ್ಲಿಸಿದರೆ. ಟಾಟಾ ಮಾಡುತ್ತಿದ್ದ ಮಗು ಬಿಟ್ಟುಬಿಟ್ಟರೆ, ನಾಲ್ಕು ಪದ ಆಡುತ್ತಿದ್ದ ಮಗು ಮೌನವಾದರೆ ಒಂದು ವಾರವೂ ಕಾಯಬೇಡಿ.

ಚಿನ್ನು ಅಮ್ಮ, ನಿಮ್ಮ ಮಗನ ವಿಷಯದಲ್ಲಿ ಈಗಲೇ ಹೆದರುವ ಹಾಗಿಲ್ಲ. ಆದರೆ "ಸುಮ್ನೆ ಇರು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಿವಿ ಪರೀಕ್ಷೆ ಆಗಿದೆಯಾ?

ಗಣಿತದ ಮೇಷ್ಟ್ರು
ಆ್ಯಪ್ ಬಗ್ಗೆ ಒಂದು ಮಾತು. ಅದು ಯಾವ ವಯಸ್ಸು ತೋರಿಸುತ್ತಿದೆ ಅನ್ನುವುದು ಮುಖ್ಯ. ಅರ್ಧ ಮಕ್ಕಳು ಮಾಡುವ ವಯಸ್ಸನ್ನು ಹಾಕಿದ್ದರೆ, ಉಳಿದ ಅರ್ಧ ಮಕ್ಕಳಿಗೆ ಕೆಂಪು ಗುರುತು ಬಂದೇ ಬರುತ್ತದೆ. ಅದು ಮಕ್ಕಳ ತಪ್ಪಲ್ಲ, ಲೆಕ್ಕವೇ ಹಾಗಿದೆ. ನೂರರಲ್ಲಿ ಐವತ್ತು ತಾಯಂದಿರು ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ನ್ಯೂಜೆರ್ಸಿ ಕನ್ನಡತಿ
@ಗಣಿತದ ಮೇಷ್ಟ್ರು, ಸರಿಯಾಗಿ ಹಿಡಿದಿರಿ. ಇಲ್ಲಿನ ಸಿಡಿಸಿ, ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದೇ ತೊಂದರೆ ಇತ್ತು. 2022ರಲ್ಲಿ ಬದಲಾಯಿಸಿದರು. ಈಗ ನೂರಕ್ಕೆ 75ರಷ್ಟಾದರೂ ಮಕ್ಕಳು ಮಾಡುವ ವಯಸ್ಸನ್ನು ಮಾತ್ರ ಹಾಕುತ್ತಾರೆ. ಆ ವಯಸ್ಸಿಗೆ ಮಾಡದಿದ್ದರೆ "ಕಾದು ನೋಡಿ" ಅನ್ನಬಾರದು, ಕೇಳಿ ತಿಳಿದುಕೊಳ್ಳಬೇಕು ಅನ್ನುವುದು ಅದರ ಉದ್ದೇಶ. 15 ತಿಂಗಳು, 30 ತಿಂಗಳಿಗೆ ಹೊಸ ಪಟ್ಟಿ ಸೇರಿಸಿದರು. ಅಂಬೆಗಾಲನ್ನು ತೆಗೆದೇಬಿಟ್ಟರು.

ಇದಕ್ಕೂ ಜಗಳ ಆಯಿತು. 50 ಪದ ಅನ್ನುವುದನ್ನು 30 ತಿಂಗಳಿಗೆ ಇಟ್ಟಿದ್ದಾರೆ, ಅದು ತೀರಾ ತಡ ಅಂತ ಮಾತಿನ ಥೆರಪಿಸ್ಟುಗಳು ತಕರಾರು ತೆಗೆದರು. ನಾನು ಅವರ ಪರ. ಯಾಕೆಂದರೆ ಪಟ್ಟಿ ಸಡಿಲ ಆದಷ್ಟೂ "ಇನ್ನೂ ಟೈಮಿದೆ" ಅನ್ನುವವರು ಜಾಸ್ತಿ ಆಗುತ್ತಾರೆ.

ಮಲೆನಾಡ ಹುಡುಗಿ
ಅಂಬೆಗಾಲನ್ನು ತೆಗೆದರಾ?! ನಮ್ಮ ಮನೆಯಲ್ಲಿ ಅಂಬೆಗಾಲಿಟ್ಟು ಹೊಸ್ತಿಲು ದಾಟಿದರೆ ಕಾಯಿ ಒಡೆದು ಸಿಹಿ ಹಂಚುತ್ತಾರೆ. ಅದು ಇಲ್ಲದೆ ಹೇಗೆ?

ಮಕ್ಕಳ ಡಾಕ್ಟರ್, ಶಿವಮೊಗ್ಗ
ಕಾಯಿ ಒಡೆಯಿರಿ, ಸಿಹಿಯನ್ನೂ ಹಂಚಿ. ಆದರೆ ಕೆಲವು ಮಕ್ಕಳು ಅಂಬೆಗಾಲು ಇಡುವುದೇ ಇಲ್ಲ. ನಾನು ಮೇಲೆ ಹೇಳಿದ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳು ಕೈ-ಮಂಡಿ ಊರಿ ತೆವಳದೆ ನೇರ ಎದ್ದು ನಿಂತರು. ಕೆಲವರು ಕೂತಲ್ಲಿಂದಲೇ ಜಾರಿಕೊಂಡು ಹೋಗುತ್ತಾರೆ. ಉಳಿದದ್ದೆಲ್ಲ ಸರಿ ಇದ್ದರೆ ಅದೊಂದೇ ಕಾರಣಕ್ಕೆ ಹೆದರಬೇಕಾಗಿಲ್ಲ. ಒಂದು ಬದಿಯ ಕೈಕಾಲನ್ನು ಮಾತ್ರ ಬಳಸಿ ಎಳೆದುಕೊಂಡು ಹೋಗುತ್ತಿದ್ದರೆ ಮಾತ್ರ ತೋರಿಸಿ. ವರ್ಷದೊಳಗೆ ಒಂದೇ ಕೈ ಮುಂದೆ ಮಾಡುವ ಮಗುವನ್ನೂ ತೋರಿಸಿ. ಅಷ್ಟು ಚಿಕ್ಕ ವಯಸ್ಸಿಗೆ ಎಡಗೈ ಬಲಗೈ ಅಂತ ಗಟ್ಟಿಯಾಗಬಾರದು.

ಅಜ್ಜಿ ಮನೆ, ಶಿರಸಿ
ನಾಲ್ಕು ಮಕ್ಕಳು, ಆರು ಮೊಮ್ಮಕ್ಕಳನ್ನು ಬೆಳೆಸಿದವಳು ನಾನು. ಒಂದು ಪಟ್ಟಿಯನ್ನೂ ನೋಡಿದವಳಲ್ಲ. ಈಗಿನ ಹುಡುಗಿಯರಿಗೆ ಮಗುವಿನ ಮುಖ ನೋಡುವುದಕ್ಕಿಂತ ಫೋನ್ ನೋಡುವುದೇ ಜಾಸ್ತಿ ಆಗಿದೆ. ಮಗು ನಕ್ಕರೆ ಎಷ್ಟು ವಾರಕ್ಕೆ ನಕ್ಕಿತು ಅಂತ ಬರೆದಿಡುತ್ತಾರೆ, ತಿರುಗಿ ನಗುವುದನ್ನೇ ಮರೆಯುತ್ತಾರೆ. ಮಾತು ಬರಲು ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಿ. ನಮ್ಮ ಮಕ್ಕಳೆಲ್ಲ ಅದರಿಂದಲೇ ಮಾತಾಡಿದ್ದು.

ಮಕ್ಕಳ ಡಾಕ್ಟರ್, ಶಿವಮೊಗ್ಗ
ಅಮ್ಮಾ, ತಿರುಗಿ ನಗಬೇಕು ಅಂದಿರಲ್ಲ, ಅದು ಬಹಳ ಸರಿಯಾದ ಮಾತು. ಆದರೆ ಜೇನುತುಪ್ಪದ ವಿಷಯದಲ್ಲಿ ಮಾತ್ರ ಬೇಡಿಕೊಳ್ಳುತ್ತೇನೆ. ವರ್ಷ ತುಂಬುವವರೆಗೆ ಮಗುವಿಗೆ ಒಂದು ಹನಿಯೂ ಬೇಡ. ಅದರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ. ಹಸುಗೂಸಿನ ಹೊಟ್ಟೆಯಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಮೈಯ ಶಕ್ತಿಯೇ ಕುಂದುತ್ತದೆ. ಬಜೆ ಜಾಸ್ತಿ ಆದರೆ ವಾಂತಿ ನಿಲ್ಲುವುದಿಲ್ಲ. ಬಜೆಯಿಂದ ಮಾತು ಬರುತ್ತದೆ ಅನ್ನುವುದಕ್ಕೆ ಆಧಾರವೂ ಇಲ್ಲ.

ಹುಬ್ಬಳ್ಳಿ ಮಂದಿ
ನಾಲಿಗೆ ಕೆಳಗಿನ ನರ ಕತ್ತರಿಸಿದರೆ ಮಾತು ಬರುತ್ತದೆ ಅಂತಾರಲ್ರೀ, ಅದು ಖರೇನಾ? ನಮ್ಮ ಓಣಿಯಲ್ಲಿ ಒಬ್ಬರು ಮಾಡಿಸಿಕೊಂಡು ಬಂದಾರ.

ಮಾತಿನ ಥೆರಪಿಸ್ಟ್, ಮೈಸೂರು
@ಹುಬ್ಬಳ್ಳಿ ಮಂದಿ, ಅದು ನರ ಅಲ್ಲ, ನಾಲಿಗೆಯ ಕೆಳಗಿನ ತೆಳು ಪೊರೆ. ಅದು ಬಿಗಿ ಇದ್ದರೆ ಎದೆಹಾಲು ಕುಡಿಯಲು ಕಷ್ಟ ಆಗಬಹುದು, ದೊಡ್ಡವನಾದ ಮೇಲೆ ಕೆಲವು ಅಕ್ಷರ ಸ್ಪಷ್ಟ ಬರದೇ ಇರಬಹುದು. ಮಾತೇ ಆಡದ ಮಗು ಅದರಿಂದ ಮಾತು ಕಲಿಯುವುದಿಲ್ಲ. ಮಾತು ನಾಲಿಗೆಯಿಂದ ಶುರುವಾಗುವುದಿಲ್ಲ. ಕಿವಿಯಿಂದ, ಎದುರಿಗಿರುವವರ ಮುಖದಿಂದ ಶುರುವಾಗುತ್ತದೆ.

ಚಿನ್ನು ಅಮ್ಮ, ನಿಮಗೆ ಕೆಲವು ಪ್ರಶ್ನೆ. ಮಗ ಬೆರಳು ಮಾಡಿ ತೋರಿಸುತ್ತಾನಾ? ಬೇಕು ಅಂತ ತೋರಿಸುವುದು ಒಂದು. "ಅಲ್ಲಿ ನೋಡು ನಾಯಿ" ಅನ್ನುವ ಹಾಗೆ ತೋರಿಸಿ, ನೀವು ನೋಡಿದಿರಾ ಅಂತ ನಿಮ್ಮ ಮುಖ ನೋಡುವುದು ಇನ್ನೊಂದು. ಎರಡನೆಯದು ಬಹಳ ಮುಖ್ಯ. ನೀವು ಕೈ ತೋರಿಸದೆ, ಕಣ್ಣಲ್ಲೂ ಸೂಚಿಸದೆ "ಚೆಂಡು ತಗೊಂಡು ಬಾ" ಅಂದರೆ ತರುತ್ತಾನಾ? ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದರೆ ತಿರುಗುತ್ತಾನಾ? ಬಾಯಲ್ಲಿ ಎಷ್ಟು ಪದ ಇದೆ ಅನ್ನುವುದಕ್ಕಿಂತ ಎಷ್ಟು ಅರ್ಥವಾಗುತ್ತದೆ ಅನ್ನುವುದನ್ನು ನಾವು ಮೊದಲು ನೋಡುತ್ತೇವೆ.

ಚಿನ್ನು ಅಮ್ಮ, ದಾವಣಗೆರೆ
ಮೇಡಂ, ಈ ಎರಡು ದಿನ ಅದನ್ನೇ ಗಮನಿಸಿದೆ. ಕಾಗೆ, ನಾಯಿ ಕಂಡರೆ ಬೆರಳು ಮಾಡಿ "ಆ" ಅಂದು ನನ್ನನ್ನು ನೋಡುತ್ತಾನೆ. ಚೆಂಡು, ಚಪ್ಪಲಿ ಅಂದರೆ ತರುತ್ತಾನೆ. ಆದರೆ ಹಿಂದಿನಿಂದ ಕರೆದರೆ ಕೆಲವು ಸಲ ತಿರುಗುತ್ತಾನೆ, ಕೆಲವು ಸಲ ಇಲ್ಲ. ಚಪ್ಪಾಳೆ ತಟ್ಟಿದರೆ ತಿರುಗುತ್ತಾನೆ, ಹಾಗಾಗಿ ಕಿವಿ ಸರಿ ಇದೆ ಅಂತ ಮನೆಯವರು ಹೇಳುತ್ತಾರೆ. ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿದ ನೆನಪು ಇಲ್ಲ.

ಮಾತಿನ ಥೆರಪಿಸ್ಟ್, ಮೈಸೂರು
ಬೆರಳು ತೋರಿಸಿ ಮುಖ ನೋಡುತ್ತಾನೆ, ಹೇಳಿದ್ದನ್ನು ತರುತ್ತಾನೆ – ಇದು ಬಹಳ ಒಳ್ಳೆಯ ಲಕ್ಷಣ. ಸಮಾಧಾನ ತಂದುಕೊಳ್ಳಿ.

ಆದರೆ ಚಪ್ಪಾಳೆ ತಟ್ಟಿ ನೋಡುವುದನ್ನು ಪರೀಕ್ಷೆ ಅಂತ ಯಾರೂ ನಂಬಬೇಡಿ. ಮಗು ಗಾಳಿಗೆ ತಿರುಗುತ್ತದೆ, ನೆರಳಿಗೆ ತಿರುಗುತ್ತದೆ, ನೆಲದ ಕಂಪನಕ್ಕೆ ತಿರುಗುತ್ತದೆ. ತಟ್ಟೆ ಬಿದ್ದ ಸದ್ದು ಕೇಳುವ ಕಿವಿಗೆ "ಸ", "ಶ", "ಕ" ಅನ್ನುವ ಸಣ್ಣ ಸದ್ದು ಕೇಳದೇ ಇರಬಹುದು. ನೆಗಡಿ ಪದೇ ಪದೇ ಆಗುವ ಮಕ್ಕಳಲ್ಲಿ ಕಿವಿಯ ಒಳಗೆ ನೀರು ತುಂಬಿಕೊಂಡು ಒಂದು ವಾರ ಕೇಳುತ್ತದೆ, ಒಂದು ವಾರ ಮಂದ ಇರುತ್ತದೆ. ಕೆಲವು ಸಲ ತಿರುಗುತ್ತಾನೆ ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಓಎಇ ಅನ್ನುವ ಪರೀಕ್ಷೆ ಕೆಲವೇ ನಿಮಿಷದ್ದು. ಕಿವಿಗೆ ಸಣ್ಣ ಬಿರಡೆ ಇಟ್ಟು ನೋಡುತ್ತಾರೆ, ನೋವಿಲ್ಲ. ಬೆರಾ ಅನ್ನುವ ಇನ್ನೊಂದು ಕಿವಿ ಪರೀಕ್ಷೆಯನ್ನು ಮಗು ಮಲಗಿರುವಾಗ ಮಾಡುತ್ತಾರೆ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ಚಿಕಿತ್ಸೆ – ಹೀಗಾಗಬೇಕು ಅನ್ನುವುದು ನಮ್ಮ ಕ್ಷೇತ್ರದವರ ನಿಯಮ. ನಮ್ಮಲ್ಲಿ ಎಷ್ಟೋ ಮಕ್ಕಳು ಮೂರು ವರ್ಷಕ್ಕೆ ಬರುತ್ತಾರೆ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ, ಹುಟ್ಟಿದಾಗ ಐಸಿಯುನಲ್ಲಿ ಇದ್ದ ಮಕ್ಕಳಲ್ಲಿ, ಕಾಮಾಲೆ ತೀವ್ರವಾಗಿದ್ದ ಮಕ್ಕಳಲ್ಲಿ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಕೋಲಾರದ ಕಾವ್ಯ
ಇದನ್ನೇ ನಾನು ಎಲ್ಲರಿಗೂ ಹೇಳುತ್ತಾ ತಿರುಗುತ್ತೇನೆ. ಕಿವಿ ನೋಡಿಸಿ, ಆಮೇಲೆ ಬೇಕಾದರೆ ಕಾಯಿರಿ.

ಅವಳಿ ಅಪ್ಪ
ನಡುವೆ ಒಂದು ಪ್ರಶ್ನೆ. ನಮಗೆ ಅವಳಿ ಹೆಣ್ಣು ಮಕ್ಕಳು, 32 ವಾರಕ್ಕೇ ಹುಟ್ಟಿದರು. ಈಗ ಒಂಬತ್ತು ತಿಂಗಳು. ಒಬ್ಬಳು ಈಗಷ್ಟೇ ಕೂರುತ್ತಿದ್ದಾಳೆ, ಇನ್ನೊಬ್ಬಳು ಕೈ ಊರಿಕೊಂಡು. ಡಾಕ್ಟರ್ ಮೇಲೆ ಹೇಳಿದ ಒಂಬತ್ತು ತಿಂಗಳ ಗಡುವು ಓದಿ ಹೆಂಡತಿಗೆ ಗಾಬರಿ ಆಗಿದೆ.

ಮಕ್ಕಳ ಡಾಕ್ಟರ್, ಶಿವಮೊಗ್ಗ
ಇದು ಮೊದಲೇ ಬರೆಯಬೇಕಾದ ವಿಷಯ, ಕೇಳಿದ್ದು ಒಳ್ಳೆಯದಾಯಿತು. ಬೇಗ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನದಿಂದ ಎಣಿಸಬಾರದು, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. 40ರಲ್ಲಿ 32 ಕಳೆದರೆ 8 ವಾರ, ಹತ್ತಿರ ಹತ್ತಿರ ಎರಡು ತಿಂಗಳು. ನಿಮ್ಮ ಮಕ್ಕಳು ಬೆಳವಣಿಗೆಯ ಲೆಕ್ಕಕ್ಕೆ ಏಳು ತಿಂಗಳಿನವರು. ಏಳು ತಿಂಗಳಿಗೆ ಹೀಗೆ ಕೂರುತ್ತಿದ್ದರೆ ಚೆನ್ನಾಗಿಯೇ ಇದ್ದಾರೆ. ಎರಡು ವರ್ಷ ತುಂಬುವವರೆಗೆ ಹೀಗೇ ಕಳೆದು ನೋಡಿ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅದನ್ನು ತಡ ಮಾಡಬೇಡಿ.

ಅವಳಿ ಅಪ್ಪ
ಹೆಂಡತಿಗೆ ಓದಿ ಹೇಳಿದೆ. ಬಹಳ ಉಪಕಾರ ಆಯಿತು ಡಾಕ್ಟರೇ.

ಅಂಗನವಾಡಿ ಟೀಚರ್, ಮಂಡ್ಯ
ನನಗೊಂದು ಬೇಸರದ ಸಂಗತಿ. ಎಲ್ಲರೂ ಆ್ಯಪ್ ಬಗ್ಗೆ ಮಾತಾಡುತ್ತಿದ್ದೀರಿ. ನಿಮ್ಮ ಮನೆಯ ಬೀರುವಿನಲ್ಲೇ ಇರುವ ತಾಯಿ ಕಾರ್ಡನ್ನು ಎಷ್ಟು ಜನ ಪೂರ್ತಿ ಓದಿದ್ದೀರಿ? ಲಸಿಕೆ ಹಾಕಿಸುವ ದಿನ ತೆಗೆಯುತ್ತೀರಿ, ಆಮೇಲೆ ಒಳಗಿಡುತ್ತೀರಿ. ಅದರಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡುತ್ತದೆ ಅಂತ ಚಿತ್ರ ಸಮೇತ ಇದೆ. ತೂಕದ ಗೆರೆ ಇದೆ, ಹುಡುಗರಿಗೆ ನೀಲಿ, ಹುಡುಗಿಯರಿಗೆ ಗುಲಾಬಿ. ಓದಲು ಬಾರದ ತಾಯಿಗೂ ಚಿತ್ರ ನೋಡಿದರೆ ತಿಳಿಯುತ್ತದೆ.

ಮಗುವಿಗೆ 3, 6, 9, 12, 15 ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕು ಅನ್ನುವುದು 2018ರಿಂದ ಇರುವ ವ್ಯವಸ್ಥೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡ ಬರುತ್ತದೆ. 2013ರಲ್ಲಿ ಶುರುವಾದದ್ದು. ಹುಟ್ಟಿನಿಂದ ಬಂದ ತೊಂದರೆ, ಕಾಯಿಲೆ, ಕೊರತೆ, ಬೆಳವಣಿಗೆಯಲ್ಲಿ ಹಿಂದುಳಿಯುವುದು – ನಾಲ್ಕನ್ನೂ ನೋಡುತ್ತಾರೆ. ಅನುಮಾನ ಬಂದರೆ ಜಿಲ್ಲೆಯಲ್ಲಿರುವ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಕೇಂದ್ರಕ್ಕೆ ಚೀಟಿ ಬರೆಯುತ್ತಾರೆ. ಇದಕ್ಕೆಲ್ಲ ದುಡ್ಡು ಕೊಡಬೇಕಾಗಿಲ್ಲ. ಆದರೆ ತಂಡ ಬಂದ ದಿನ ನಾವು ಎಷ್ಟು ಕರೆದರೂ ಕೆಲವು ತಾಯಂದಿರು ಮಗುವನ್ನು ಕಳಿಸುವುದಿಲ್ಲ. "ನಮ್ಮ ಮಗುವಿಗೆ ಏನಾಗಿದೆ" ಅಂತ ಕೋಪ ಮಾಡಿಕೊಳ್ಳುತ್ತಾರೆ.

ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ. ಮೊದಲು ಆರಿಸಿದ 33 ಕಡೆಗಳಲ್ಲಿ ನಮ್ಮ ಪಕ್ಕದ ಟಿ. ನರಸೀಪುರವೂ ಒಂದು. ಇಷ್ಟು ವರ್ಷವಾದರೂ ಜನ ಅಂಗನವಾಡಿ ಅಂದರೆ ಮೊಟ್ಟೆ, ಹಾಲಿನ ಪುಡಿ ಅಂತಲೇ ತಿಳಿದಿದ್ದಾರೆ.

ಬೆಂಗಳೂರು ಅಪ್ಪ
ಟೀಚರ್, ನಿಮ್ಮ ಮಾತಿಗೆ ಗೌರವ ಇದೆ. ಆದರೆ ನಗರದಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಆಶಾ ಯಾರು, ಅಂಗನವಾಡಿ ಎಲ್ಲಿ ಅಂತಲೇ ಗೊತ್ತಿರುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಅವರದ್ದೇ ಬೇರೆ ಫೈಲು. ಅದರಲ್ಲಿ ಲಸಿಕೆ ಪಟ್ಟಿ ಬಿಟ್ಟರೆ ಇನ್ನೇನೂ ತುಂಬಿರುವುದಿಲ್ಲ. ಡಾಕ್ಟರ್ ಐದು ನಿಮಿಷ ನೋಡುತ್ತಾರೆ, ಸೂಜಿ ಹಾಕುತ್ತಾರೆ, ಮುಗಿಯಿತು. "ಮಾತು ಬಂತಾ" ಅಂತ ಕೇಳಿದವರೇ ಇಲ್ಲ.

ಮಕ್ಕಳ ಡಾಕ್ಟರ್, ಶಿವಮೊಗ್ಗ
@ಬೆಂಗಳೂರು ಅಪ್ಪ, ನಮ್ಮ ವೃತ್ತಿಯ ಮೇಲಿನ ಈ ದೂರು ನ್ಯಾಯವಾದದ್ದು. ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ ಅನ್ನುವುದು ನಿಜ, ಆದರೂ ಕೇಳಬೇಕು. ನೀವೇ ಕೇಳಿ. ಲಸಿಕೆಗೆ ಬಂದ ದಿನವೇ "ಬೆಳವಣಿಗೆಯ ತಪಾಸಣೆ ಮಾಡಿ" ಅನ್ನಿ. ಒಂಬತ್ತು ತಿಂಗಳು, ಒಂದೂವರೆ ವರ್ಷ, ಎರಡು ವರ್ಷ – ಈ ಮೂರು ಸಲವಾದರೂ ಬಿಡಬೇಡಿ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು ಮಾಡಿದ ಒಂದು ಚಾರ್ಟ್ ಇದೆ, ಎರಡು ವರ್ಷದೊಳಗಿನ ಮಕ್ಕಳಿಗೆ ಬರೀ 17 ಅಂಶ. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲ್ ಇಟ್ಟು ನೇರ ಗೆರೆ ಎಳೆದರೆ ಸಾಕು. ಎಡಕ್ಕೆ ಉಳಿದದ್ದನ್ನು ಮಗು ಮಾಡುತ್ತಿರಬೇಕು. ಐದು ನಿಮಿಷವೂ ಬೇಡ.

ಅಜ್ಜಿ ಮನೆ, ಶಿರಸಿ
ಇದೆಲ್ಲ ಇಲ್ಲದೆ ನಾವು ಮಕ್ಕಳನ್ನು ಬೆಳೆಸಿಲ್ಲವಾ?

ಅಂಗನವಾಡಿ ಟೀಚರ್, ಮಂಡ್ಯ
ಬೆಳೆಸಿದ್ದೀರಿ ಅಜ್ಜಿ. ಆದರೆ ನೀವೂ ಲೆಕ್ಕ ಇಟ್ಟವರೇ. ಮಗು ಬೋರಲು ಬಿದ್ದರೆ ಇಡೀ ಬೀದಿಗೆ ಹೇಳುತ್ತಿದ್ದಿರಿ. ಹೊಸ್ತಿಲು ದಾಟಿದರೆ ಶಾಸ್ತ್ರ, ಮೊದಲ ಅನ್ನಕ್ಕೆ ಶಾಸ್ತ್ರ. ತಡವಾದರೆ ಹಿರಿಯರೇ ಮೊದಲು ಗುರುತಿಸುತ್ತಿದ್ದರು. ಕೈಕಾಲಿನ ಬೆಳವಣಿಗೆಗೆ ನಮ್ಮ ಮನೆಗಳಲ್ಲಿ ಶಾಸ್ತ್ರ ಇದೆ. ಕಿವಿ ಕೇಳಿಸುವುದಕ್ಕೆ, ಬೆರಳು ತೋರಿಸುವುದಕ್ಕೆ, ಹೆಸರು ಕರೆದರೆ ತಿರುಗುವುದಕ್ಕೆ ಶಾಸ್ತ್ರ ಇಲ್ಲ. ಅದಕ್ಕೇ ನಡೆಯದ ಮಗುವನ್ನು ಬೇಗ ಕರೆತರುತ್ತಾರೆ, ಮಾತಾಡದ ಮಗುವನ್ನು ತಡವಾಗಿ ಕರೆತರುತ್ತಾರೆ. ನಾನು ಕೇಂದ್ರದಲ್ಲಿ ನೋಡುತ್ತಿರುವುದು ಇದನ್ನೇ.

ಅಜ್ಜಿ ಮನೆ, ಶಿರಸಿ
ಇದು ಯೋಚಿಸುವ ಮಾತು. ಒಪ್ಪಿದೆ ತಂಗಿ.

ಮಲೆನಾಡ ಹುಡುಗಿ
ವಾಕರ್ ಬಗ್ಗೆ ಯಾರಾದರೂ ಹೇಳಿ. ಅದರಲ್ಲಿ ಕೂರಿಸಿದರೆ ಬೇಗ ನಡೆಯುತ್ತಾರೆ ಅಂತ ತವರಿನವರು ಕೊಡಿಸಿದ್ದಾರೆ.

ನ್ಯೂಜೆರ್ಸಿ ಕನ್ನಡತಿ
ಬೇಡವೇ ಬೇಡ. ಕೆನಡಾದಲ್ಲಿ 2004ರಿಂದ ಮಾರುವುದನ್ನೇ ನಿಷೇಧಿಸಿದ್ದಾರೆ. ಮೆಟ್ಟಿಲಿಂದ ಉರುಳುತ್ತಾರೆ, ಒಲೆಗೆ, ಬಿಸಿನೀರಿಗೆ ಕೈ ಸಿಗುತ್ತದೆ. ನಡಿಗೆಯೂ ಬೇಗ ಬರುವುದಿಲ್ಲ. ಕೂತು ಕಾಲ ತುದಿಯಲ್ಲಿ ತಳ್ಳುವುದನ್ನು ಕಲಿಯುತ್ತಾರೆ ಅಷ್ಟೇ.

ಹುಬ್ಬಳ್ಳಿ ಮಂದಿ
ಹಂಗಾದ್ರೆ ಮರದ ಮೂರು ಗಾಲಿ ಗಾಡಿ? ನಾವೆಲ್ಲ ಅದನ್ನೇ ತಳ್ಳಿಕೊಂಡು ನಡೆಯಲು ಕಲಿತವರು.

ಮಕ್ಕಳ ಡಾಕ್ಟರ್, ಶಿವಮೊಗ್ಗ
ಅದು ಬೇರೆ. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಂತು ತಳ್ಳುತ್ತದೆ. ದೊಡ್ಡವರು ಪಕ್ಕದಲ್ಲಿ ಇದ್ದರೆ ಒಳ್ಳೆಯದೇ.

ಮಂಗಳೂರು ಮೀನ
ನಮ್ಮ ಮನೆಯಲ್ಲಿ ನಾನು ತುಳು, ಗಂಡ ಕನ್ನಡ, ಕೆಲಸದ ಅಕ್ಕ ತಮಿಳು. ಎರಡು ವರ್ಷದ ಮಗಳಿಗೆ ಮಾತು ಕಡಿಮೆ. ಪ್ಲೇ ಹೋಂನವರು "ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ, ಮಗು ಗೊಂದಲ ಆಗಿದೆ" ಅಂದರು. ಅಂದಿನಿಂದ ಅವಳ ಜೊತೆ ಮಾತಾಡುವುದೇ ಕಷ್ಟ ಆಗಿದೆ. ನನ್ನ ಭಾಷೆ ಬಿಟ್ಟು ಮಗಳನ್ನು ಮುದ್ದು ಮಾಡಲು ಬರುವುದಿಲ್ಲ.

ಮಾತಿನ ಥೆರಪಿಸ್ಟ್, ಮೈಸೂರು
ದಯವಿಟ್ಟು ತುಳುವನ್ನು ಬಿಡಬೇಡಿ. ಎರಡು ಮೂರು ಭಾಷೆಯಿಂದ ಮಾತು ತಡವಾಗುವುದಿಲ್ಲ. ನಿಮಗೆ ಮನಸ್ಸಿನಿಂದ ಬರುವ ಭಾಷೆಯಲ್ಲೇ ಮಾತಾಡಿ, ಹಾಡಿ, ಜಗಳ ಮಾಡಿ. ಸ್ವತಃ ತಡವರಿಸುವ ಭಾಷೆಯಲ್ಲಿ ಮಾತಾಡಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಪದ ಎಣಿಸುವಾಗ ಎಲ್ಲ ಭಾಷೆಯದ್ದನ್ನೂ ಸೇರಿಸಿ. "ನೀರ್" ಒಂದು, "ತಣ್ಣಿ" ಒಂದು. "ಭೌ" ಅಂತ ಯಾವಾಗಲೂ ನಾಯಿಗೇ ಹೇಳಿದರೆ ಅದೂ ಒಂದು ಪದ. ಎಲ್ಲ ಸೇರಿಸಿದರೂ ಕಡಿಮೆ ಇದ್ದು, ಎರಡು ಪದ ಜೋಡಿಸುತ್ತಿಲ್ಲ ಅಂದರೆ ತೋರಿಸಿ. ಆದರೆ ಅದಕ್ಕೆ ತುಳು ಕಾರಣ ಅಲ್ಲ.

ಮಂಗಳೂರು ಮೀನ
ಓದಿ ಕಣ್ಣಲ್ಲಿ ನೀರು ಬಂತು. ಇವತ್ತಿನಿಂದ ತುಳುವಿನಲ್ಲೇ.

ಬೆಂಗಳೂರು ಅಪ್ಪ
ಊಟ ಮಾಡಿಸುವಾಗ ರೈಮ್ಸ್ ಹಾಕುತ್ತೇವೆ. ಅದರಿಂದ ಮಾತು ಕಲಿಯುವುದಿಲ್ಲವಾ? ಎ ಬಿ ಸಿ ಡಿ ಪೂರ್ತಿ ಹೇಳುತ್ತಾನೆ.

ಮಾತಿನ ಥೆರಪಿಸ್ಟ್, ಮೈಸೂರು
ಎ ಬಿ ಸಿ ಡಿ ಹೇಳುತ್ತಾನೆ ಸರಿ, "ನೀರು ಬೇಕು" ಅಂತ ಕೇಳುತ್ತಾನಾ? ನೋಡಿ. ನೆನಪಿಟ್ಟು ಹೇಳುವುದು ಬೇರೆ, ಇನ್ನೊಬ್ಬರ ಜೊತೆ ಮಾತಾಡುವುದು ಬೇರೆ. ಎರಡು ವರ್ಷದೊಳಗೆ ಪರದೆ ಬೇಡ ಅಂತ ಭಾರತೀಯ ಮಕ್ಕಳ ವೈದ್ಯರ ಸಂಘವೂ ಹೇಳುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಫೋನ್ ಹಾಡುತ್ತದೆ, ಆದರೆ ಮಗು "ಬ" ಅಂದಾಗ ನಿಂತು ಕೇಳುವುದಿಲ್ಲ. ಮಗು ಶಬ್ದ ಮಾಡಿದಾಗ ನೀವು ತಿರುಗಿ, ಅದಕ್ಕೆ ಉತ್ತರ ಕೊಟ್ಟು, ಮತ್ತೆ ಅದರ ಸರದಿಗೆ ಕಾಯಬೇಕು. ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ, ರಾಗಿ ಸರಿ ಕಲಸುವಾಗ ಇದನ್ನು ಮಾಡಬಹುದು.

ಶಾಂತಿನಗರದ ಸೊಸೆ
ನಮ್ಮ ಮಗುವಿನ ವಿಷಯ ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ. ಹತ್ತು ತಿಂಗಳವರೆಗೆ ಎಲ್ಲ ಸರಿ ಇತ್ತು. ಆಮೇಲೆ ನಗುವುದು ಕಡಿಮೆ ಆಯಿತು, ಕೂರುತ್ತಿದ್ದವಳು ಒರಗತೊಡಗಿದಳು, ಕೈ ನಡುಗುತ್ತಿತ್ತು. ಕೂದಲು ಕೆಂಚಗೆ, ಬೆರಳಿನ ಗೆಣ್ಣು ಕಪ್ಪಗೆ. "ಹಲ್ಲು ಬರುತ್ತಿದೆ, ದೃಷ್ಟಿ ಆಗಿದೆ" ಅಂದರು. ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ನಾನು ಸಸ್ಯಾಹಾರಿ, ನನ್ನಲ್ಲೂ ಕಡಿಮೆ ಇತ್ತು. ಮಗು ಬರೀ ನನ್ನ ಹಾಲಿನ ಮೇಲೆ ಇತ್ತು, ಮೇಲಿನ ಊಟ ತಿನ್ನುತ್ತಿರಲಿಲ್ಲ. ಇಂಜೆಕ್ಷನ್ ಶುರುವಾದ ಕೆಲವೇ ದಿನಕ್ಕೆ ಮತ್ತೆ ನಗತೊಡಗಿದಳು.

ಮಕ್ಕಳ ಡಾಕ್ಟರ್, ಶಿವಮೊಗ್ಗ
ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಕಲಿತದ್ದನ್ನು ಕಳೆದುಕೊಂಡರೆ ಕಾಯಬೇಡಿ ಅಂದದ್ದು ಇದಕ್ಕೇ. ಬಿ12 ಕೊರತೆ, ಥೈರಾಯ್ಡ್, ರಕ್ತಹೀನತೆ – ಇವಕ್ಕೆಲ್ಲ ಔಷಧ ಇದೆ, ಖರ್ಚೂ ಕಡಿಮೆ. ಆದರೆ ತಡವಾದರೆ ಮೆದುಳಿಗೆ ಆದ ನಷ್ಟ ಪೂರ್ತಿ ಹಿಂದಕ್ಕೆ ಬರದೇ ಇರಬಹುದು. ಆರು ತಿಂಗಳಾದ ಮೇಲೆ ಆಶಾ ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆ ಎರಡು ಸಲ ತಪ್ಪದೆ ಹಾಕಿ. ಮಲ ಕಪ್ಪಾಗುತ್ತದೆ ಅಂತ ನಿಲ್ಲಿಸುವವರೇ ಜಾಸ್ತಿ, ಅದು ಸಹಜ.

ಬಳ್ಳಾರಿ ಬಸು
ಹಲ್ಲಿನ ಮಾತು ಬಂತಲ್ಲ, ನಮ್ಮ ಮಗನಿಗೆ ಹನ್ನೊಂದು ತಿಂಗಳಾದರೂ ಹಲ್ಲಿಲ್ಲ. ಇದೂ ಈ ಪಟ್ಟಿಗೆ ಸೇರುತ್ತದಾ?

ಮಕ್ಕಳ ಡಾಕ್ಟರ್, ಶಿವಮೊಗ್ಗ
ಸೇರುವುದಿಲ್ಲ. ಹಲ್ಲಿಗೂ ಬುದ್ಧಿಗೂ ಸಂಬಂಧವಿಲ್ಲ. ವರ್ಷ ದಾಟಿದ ಮೇಲೂ ಬರದಿದ್ದರೆ ಒಮ್ಮೆ ತೋರಿಸಿ.

ಕುತೂಹಲಿ
ಥೆರಪಿ ಕೇಂದ್ರಗಳ ಬಗ್ಗೆ ಎಚ್ಚರಿಕೆ ಹೇಳಬೇಕು. ಎರಡು ವರ್ಷದ ಸೋದರಳಿಯನನ್ನು ಒಂದು ಖಾಸಗಿ ಕೇಂದ್ರಕ್ಕೆ ಕರೆದೊಯ್ದರೆ, ಮಗುವನ್ನು ಹತ್ತು ನಿಮಿಷವೂ ನೋಡದೆ "ಆಟಿಸಂ ಛಾಯೆ ಇದೆ" ಅಂದರು. ಆರು ತಿಂಗಳ ಪ್ಯಾಕೇಜಿನ ದುಡ್ಡು ಮುಂಗಡ ಕಟ್ಟಿ ಅಂದರು. ಕಿವಿ ಪರೀಕ್ಷೆಯ ಮಾತೇ ಎತ್ತಲಿಲ್ಲ. ಅಕ್ಕ ಮೂರು ದಿನ ಅತ್ತಳು.

ಮಾತಿನ ಥೆರಪಿಸ್ಟ್, ಮೈಸೂರು
ಇಂಥವರಿಂದ ನಮಗೂ ನೋವಾಗುತ್ತದೆ. ಆಟಿಸಂ ಅನ್ನುವುದನ್ನು ಹತ್ತು ನಿಮಿಷದಲ್ಲಿ ಹೇಳಲು ಆಗುವುದಿಲ್ಲ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಪಟ್ಟಿ ಇದೆ. ಅದೂ ಜರಡಿ ಹಿಡಿಯುವುದಷ್ಟೇ, ತೀರ್ಪಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮಕ್ಕಳ ವಿಭಾಗ ಇದೆ. ಕಾಯಬೇಕಾಗುತ್ತದೆ, ಜನ ಜಾಸ್ತಿ, ಆದರೆ ಸರ್ಕಾರಿ ಸಂಸ್ಥೆಗಳು. ಯಾವ ಕೇಂದ್ರವಾದರೂ ಸರಿ, ಮಗುವಿನ ಜೊತೆ ನೆಲದ ಮೇಲೆ ಕೂತು ಆಡದೆ ಹಣದ ಮಾತು ಎತ್ತಿದರೆ ಎದ್ದು ಬನ್ನಿ.

ಚಿನ್ನು ಅಮ್ಮ, ದಾವಣಗೆರೆ
ಎಲ್ಲರಿಗೂ ಧನ್ಯವಾದ. ಇಡೀ ಚರ್ಚೆಯನ್ನು ಗಂಡನಿಗೆ ಓದಿಸಿದೆ. ಕಿವಿ ಪರೀಕ್ಷೆಗೆ ಹೋಗೋಣ ಅಂದರು. ಅತ್ತೆಯೂ ಜೊತೆಗೆ ಬರುತ್ತೇನೆ ಅಂದಿದ್ದಾರೆ. ತಾಯಿ ಕಾರ್ಡ್ ಹುಡುಕಿ ತೆಗೆದೆ. 12 ತಿಂಗಳವರೆಗಿನದ್ದು ಎಲ್ಲ ಮಾಡುತ್ತಾನೆ.

ಕೋಲಾರದ ಕಾವ್ಯ
ಒಳ್ಳೆಯ ನಿರ್ಧಾರ. ಮಗನಿಗೆ ನೆಗಡಿ ಇದ್ದರೆ ಅದನ್ನೂ ಅವರಿಗೆ ಹೇಳಿ.

ಕೊಪ್ಪಳ ಹುಡುಗ
ತಡವಾಗಿ ಬಂದೆ. ನಮ್ಮ ತಂಗಿಯ ಮಗು ಒಂದೂ ಮುಕ್ಕಾಲು ವರ್ಷ, ಇನ್ನೂ ಹಿಡಿದುಕೊಂಡೇ ನಡೆಯುತ್ತಾನೆ. ಹಳ್ಳಿಯಲ್ಲಿದ್ದಾರೆ. ಎಲ್ಲಿಗೆ ಕರೆದೊಯ್ಯಬೇಕು? ಆಸ್ಪತ್ರೆಯಲ್ಲಿ ಹೊಸ ಜಾಗ ಅಂತ ಅಳುತ್ತಾನೆ, ಹೆಜ್ಜೆ ಇಡುವುದನ್ನು ತೋರಿಸುವುದೇ ಇಲ್ಲ.

ಅಂಗನವಾಡಿ ಟೀಚರ್, ಮಂಡ್ಯ
ಅವರ ಊರಿನ ಅಂಗನವಾಡಿ ಅಥವಾ ಆಶಾ ಹತ್ತಿರ ಮಾತಾಡಿ, ಆರ್‌ಬಿಎಸ್‌ಕೆ ತಂಡದಿಂದ ಚೀಟಿ ಬರೆಸಿಕೊಳ್ಳಿ. ತಂಡ ಬರುವುದು ತಡ ಇದ್ದರೆ ಕಾಯಬೇಡಿ. ನೇರ ಜಿಲ್ಲಾ ಆಸ್ಪತ್ರೆಗೆ ಹೋಗಿ ಡಿಇಐಸಿ ಎಲ್ಲಿದೆ ಅಂತ ಕೇಳಿ.

ಮಕ್ಕಳ ಡಾಕ್ಟರ್, ಶಿವಮೊಗ್ಗ
ಮನೆಯಲ್ಲಿ ಆಡುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಲು ಹೇಳಿ. ಹಿಡಿದು ನಡೆಯುವುದು, ನೆಲದಿಂದ ಏಳುವುದು, ಆಟದ ಸಾಮಾನು ಎತ್ತಿಕೊಳ್ಳುವುದು – ಒಂದೊಂದು ನಿಮಿಷ ಸಾಕು. ಅಳುವ ಮಗುವನ್ನು ನೋಡುವುದಕ್ಕಿಂತ ಅದರಿಂದ ನಮಗೆ ಜಾಸ್ತಿ ತಿಳಿಯುತ್ತದೆ. ಹೆರಿಗೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಎರಡೂ ಇರಲಿ. ಗಂಡು ಮಗು ಅಂದಿರಿ, ನೆಲದಿಂದ ಏಳುವಾಗ ತೊಡೆಗೆ ಕೈ ಊರುತ್ತಾನಾ ಅಂತ ಗಮನಿಸಿ ಬರೆಯಿರಿ; ಗಂಡು ಮಕ್ಕಳಲ್ಲಿ ಹೆಚ್ಚು ಕಾಣುವ ಸ್ನಾಯು ದುರ್ಬಲತೆಯ ಸೂಚನೆ ಅದಾಗಿರಬಹುದು.

ಕೊಪ್ಪಳ ಹುಡುಗ
ಇವತ್ತು ರಾತ್ರಿ ತಂಗಿಗೆ ಫೋನ್ ಮಾಡುತ್ತೇನೆ ಸರ್. ವಿಡಿಯೊ ಬಂದ ಮೇಲೆ ಬರೆಯುತ್ತೇನೆ.